ಕಟ್ಟಡ ಅಡ್ಡ ಇದ್ದರೂ ಬೆಳಕಿನಲ್ಲಿ ಸಂದೇಶ?

ಪ್ರಶ್ನೆ: ಬೆಳಕಿನಿಂದ ಸಂದೇಶ ಕಳಿಸಲು ಎದುರುಬದುರು ಇರಲೇಬೇಕಲ್ವಾ? ನೇರಳಾತೀತ ಕಿರಣಕ್ಕೆ ಅದು ಬೇಡವಂತೆ, ನಿಜವೇ?

ಉತ್ತರ: ನಿಜ. ಮಂಜು ಕವಿದ ಘಾಟಿಯಲ್ಲಿ ತಿರುವಿನಾಚೆಯ ಲಾರಿ ಕಾಣದಿದ್ದರೂ ಅದರ ಹೆಡ್‌ಲೈಟಿನ ಬೆಳಕು ಮಂಜಲ್ಲಿ ಹರಡಿ ನಮಗೆ ಮೊದಲೇ ಗೊತ್ತಾಗುತ್ತದೆ ನೋಡಿ, ಹಾಗೇ ಇದು. ನೇರಳಾತೀತದ ಅಲೆಯುದ್ದ ಕಣ್ಣಿಗೆ ಕಾಣುವ ಬೆಳಕಿನದಕ್ಕಿಂತ ಚಿಕ್ಕದು; ಅಲೆಯುದ್ದ ಅರ್ಧವಾದರೆ ಗಾಳಿಯ ಅಣುಗಳು ಬೆಳಕನ್ನು ಸುಮಾರು 16 ಪಟ್ಟು ಜಾಸ್ತಿ ಚದುರಿಸುತ್ತವೆ. ಹಾಗಾಗಿ ಆಕಾಶದತ್ತ ಬಿಟ್ಟ ಕಿರಣ ಕಟ್ಟಡದಾಚೆಗೂ ಇಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ: ಸೂರ್ಯನಿಂದ ಬರುವ 200–280 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಿರಣಗಳನ್ನು ಓಝೋನ್ ಮತ್ತು ಆಮ್ಲಜನಕ ಮೇಲೆಯೇ ಹೀರಿಬಿಡುತ್ತವೆ, ಅಂದರೆ ಇಷ್ಟನ್ನೇ ನೋಡುವ ಸೆನ್ಸರ್‌ಗೆ ಮಟಮಟ ಮಧ್ಯಾಹ್ನವೂ ಕಗ್ಗತ್ತಲು, ಸಂದೇಶದ ಒಂದೊಂದೇ ಫೋಟಾನ್ (ಬೆಳಕಿನ ಕಣ) ಎಣಿಸಬಹುದು! ಆದರೆ ದೂರ, ವೇಗ ಎರಡೂ ಕಡಿಮೆ. ಕಣ್ಣು, ಚರ್ಮಕ್ಕೆ ಹಾನಿಯಾಗುವುದರಿಂದ ಸುಮ್ನೆ ಪವರ್ ಏರಿಸುವ ಹಾಗೂ ಇಲ್ಲ.