ಮೊದಲ ಮಹಡಿಯ ಟ್ರೆಡ್‌ಮಿಲ್ ಇಳಿಸಿ ಮಂಡ್ಯಕ್ಕೆ ಸಾಗಿಸುವುದು ಹೇಗೆ?

ಇಬ್ಬರೇ ಇಳಿಸಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ಕುವೆಂಪುನಗರದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಮಡಚುವ ಮೋಟರ್ ಟ್ರೆಡ್‌ಮಿಲ್, ಕೇಬಲ್ ಎಳೆದು ಭಾರ ಎತ್ತುವ ಒಂದು ಮಲ್ಟಿ ಜಿಮ್, ವ್ಯಾಯಾಮಕ್ಕೆ ಎತ್ತುವ ಒಂದಷ್ಟು ಕಬ್ಬಿಣದ ಪ್ಲೇಟು ಇವೆ, ಎಲ್ಲವನ್ನೂ ಮಂಡ್ಯದ ಅಮ್ಮನ ಮನೆಗೆ ಸಾಗಿಸಬೇಕು, ನಾನು ನನ್ನ ತಮ್ಮ ಸೇರಿ ಇಳಿಸಿ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋದರೆ ಆಗುತ್ತದಾ ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಮನೆಗಳಿಗೆ ಹೋಗಿ ಇಂಥ ಮೆಷಿನ್‌ಗಳನ್ನೇ ರಿಪೇರಿ ಮಾಡುತ್ತೇನೆ. ಮನೆ ಬದಲಾಯಿಸಿದ ಮೇಲೆ ಮೆಷಿನ್ ಓಡುತ್ತಿಲ್ಲ ಅಂತ ಫೋನ್ ಮಾಡುವವರು ಬಹಳ. ಅದಕ್ಕಿಂತ ಬೇಜಾರಿನ ವಿಷಯ, ಬಾಗಿಲು ತೆಗೆಯುವ ಯಜಮಾನರು ಸೊಂಟ ಹಿಡಿದುಕೊಂಡೇ ಬರುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಭಾರದ ಲೆಕ್ಕ ಮೊದಲು. ಮನೆಯ ಮೋಟರ್ ಟ್ರೆಡ್‌ಮಿಲ್ 50 ಕೆಜಿಯಿಂದ 100 ಕೆಜಿಯವರೆಗೂ ಇರುತ್ತದೆ. ನಿಮ್ಮದು ಎಷ್ಟು ಅಂತ ಅದರ ಪುಸ್ತಕದಲ್ಲಿ ಇರುತ್ತದೆ, ಬಂದಿದ್ದ ರಟ್ಟಿನ ಡಬ್ಬದ ಮೇಲೂ ಬರೆದಿರುತ್ತದೆ. 90 ಕೆಜಿ ಅಂತಲೇ ಇಟ್ಟುಕೊಳ್ಳಿ. ಇಬ್ಬರು ಹಿಡಿದರೆ ತಲೆಗೆ 45 ಕೆಜಿ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನಯೋಶ್ ಎಂಬ ಸರ್ಕಾರಿ ಸಂಸ್ಥೆ ಇದೆ. ಒಬ್ಬರು ಎತ್ತುವ ಭಾರ 23 ಕೆಜಿ ದಾಟದಿದ್ದರೆ ಒಳ್ಳೆಯದು ಅಂತ ಅವರ ಲೆಕ್ಕ. ಅದೂ ವಸ್ತು ಮೈಗೆ ಹತ್ತಿರ ಇದ್ದು, ಎರಡೂ ಕೈಗೆ ಹಿಡಿತ ಸಿಕ್ಕು, ಸೊಂಟ ತಿರುಗಿಸುವ ಪ್ರಸಂಗವೇ ಇಲ್ಲದಿದ್ದಾಗ. ಮೆಟ್ಟಿಲ ಮೇಲೆ ಇದರಲ್ಲಿ ಒಂದೂ ಇರುವುದಿಲ್ಲ. ಮೇಲಾಗಿ ಇಳಿಜಾರಿನಲ್ಲಿ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ, ಕೆಳಗಿರುವವನ ಕಡೆಗೇ ವಾಲುತ್ತದೆ. ನಿಮ್ಮ ತಮ್ಮ ಎಷ್ಟೇ ಗಟ್ಟಿಗನಾದರೂ ಈ ಲೆಕ್ಕ ಬದಲಾಗುವುದಿಲ್ಲ. ನಾಲ್ಕು ಜನ ಬೇಕು. ಸೊಂಟನೋವು ಇದ್ದವರು, ಹರ್ನಿಯಾ ಆಪರೇಷನ್ ಆದವರು ಈ ನಾಲ್ಕರಲ್ಲಿ ಬೇಡವೇ ಬೇಡ.

ಆದರೆ ಜನ ಜಾಸ್ತಿ ಸೇರಿಸುವ ಮುಂಚೆ ಭಾರ ಕಡಿಮೆ ಮಾಡಿ. ಎತ್ತುವ ಕೆಲಸ ಅರ್ಧ ಗಂಟೆಯದು, ಬಿಚ್ಚುವ ಕೆಲಸಕ್ಕೆ ಅರ್ಧ ದಿನ ಕೊಡಿ. ಬಹಳಷ್ಟು ಜನ ಇದನ್ನು ಉಲ್ಟಾ ಮಾಡುತ್ತಾರೆ.

ಟ್ರೆಡ್‌ಮಿಲ್‌ನ ಎರಡು ಕಂಬ ಮತ್ತು ಡಿಸ್‌ಪ್ಲೇ ಬಿಚ್ಚಿದರೆ ಭಾರ ಸಾಕಷ್ಟು ಇಳಿಯುತ್ತದೆ. ಭಾರಕ್ಕಿಂತ ಮುಖ್ಯವಾಗಿ, ಅದು ತಿರುವಿನಲ್ಲಿ ನುಗ್ಗುವ ಆಕಾರಕ್ಕೆ ಬರುತ್ತದೆ. ಮಡಚುವ ಮೆಷಿನ್ ಆದ್ದರಿಂದ ಮೊದಲು ಬೆಲ್ಟ್ ಇರುವ, ನಾವು ನಡೆಯುವ ಹಲಗೆಯನ್ನು ಪೂರ್ತಿ ಕೆಳಗೆ ಇಳಿಸಿ ಮಲಗಿಸಿ, ಆಮೇಲೆ ಬೋಲ್ಟಿಗೆ ಕೈ ಹಾಕಿ. ಹಲಗೆ ಮೇಲೆದ್ದಿರುವಾಗ ಅಡಿಯಲ್ಲಿರುವ ಕೊಳವೆಯಂಥ ಗ್ಯಾಸ್ ಸಿಲಿಂಡರಿನ ನಟ್ಟನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗೆ ಒತ್ತಡದಲ್ಲಿ ಗ್ಯಾಸ್ ಇರುತ್ತದೆ, ಹಲಗೆಯನ್ನು ತಡೆದು ನಿಲ್ಲಿಸಿರುವುದರಲ್ಲಿ ಅದರ ಪಾಲೂ ಇದೆ.

ಕಂಬ ಬಿಚ್ಚುವಾಗ ಒಂದು ಜಾಗದಲ್ಲಿ ನಿಧಾನ ಮಾಡಿ. ಡಿಸ್‌ಪ್ಲೇಯಿಂದ ಮೋಟರಿನ ಬೋರ್ಡಿಗೆ ಹೋಗುವ ವೈರು ಒಂದು ಕಂಬದ ಒಳಗಿಂದಲೇ ಇಳಿದಿರುತ್ತದೆ. ಸಾಮಾನ್ಯವಾಗಿ ಬಲಗಡೆಯ ಕಂಬ. ಕೊನೆಯ ಬೋಲ್ಟ್ ತೆಗೆದ ತಕ್ಷಣ ಕಂಬವನ್ನು ಸರ್ರನೆ ಎಳೆಯಬೇಡಿ. ಒಬ್ಬರು ಕಂಬ ಹಿಡಿದು ಎರಡು ಬೆರಳಿನಷ್ಟು ಮೇಲೆತ್ತಲಿ, ಇನ್ನೊಬ್ಬರು ಆ ಸಂದಿಯಲ್ಲಿ ಕಾಣುವ ಪ್ಲಾಸ್ಟಿಕ್ ಕನೆಕ್ಟರಿನ ಚಿಕ್ಕ ಕೊಂಡಿ ಒತ್ತಿ ಬಿಡಿಸಲಿ. ವೈರಿನ ತುದಿ ಒಳಗೆ ಜಾರಿಹೋಗದ ಹಾಗೆ ಟೇಪ್ ಹಾಕಿ ಹೊರಗೇ ಅಂಟಿಸಿ. ಜೋಡಿಸುವಾಗಲೂ ಅಷ್ಟೇ, ವೈರು ಕಂಬದ ಅಂಚಿನ ಕೆಳಗೆ ಸಿಕ್ಕಿಕೊಂಡಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಬೋಲ್ಟ್ ಬಿಗಿ ಮಾಡಿ. ಮನೆ ಬದಲಾಯಿಸಿದ ಮೇಲೆ ಮೆಷಿನ್ ಸ್ಟಾರ್ಟ್ ಆಗುತ್ತಿಲ್ಲ, ಡಿಸ್‌ಪ್ಲೇಯಲ್ಲಿ ಎರರ್ ತೋರಿಸುತ್ತಿದೆ ಅಂತ ನನ್ನನ್ನು ಕರೆಸುವ ಮನೆಗಳಲ್ಲಿ ಬಹಳ ಸಲ ಕಾಣುವುದು ಜಜ್ಜಿಹೋದ ಈ ವೈರೇ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿಯಬೇಡಿ. ಆಯಾ ತೂತಿಗೇ ಮತ್ತೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ಕಳೆಯುವುದೂ ಇಲ್ಲ, ಅದಲುಬದಲಾಗುವುದೂ ಇಲ್ಲ.

ಕಂಬ ಬಿಚ್ಚುವುದಕ್ಕೆ ಬರದ ಮಾಡೆಲ್ ಆದರೆ ಮಡಚಿಯೇ ಸಾಗಿಸಬೇಕಾಗುತ್ತದೆ. ಆಗ ಅಪಾಯ ಇರುವುದು ಲಾಕಿನಲ್ಲಿ. ಮಡಚಿದಾಗ 'ಟಕ್' ಅಂತ ಸದ್ದು ಬರುತ್ತದಲ್ಲ, ಆ ಲಾಕು ಮೆಷಿನ್ ನೆಟ್ಟಗೆ ನಿಂತಿರುವಾಗ ಹಿಡಿಯುವುದಕ್ಕೆ ಮಾಡಿದ್ದು. ಮೆಟ್ಟಿಲ ಮೇಲೆ ವಾಲಿಸಿದಾಗ, ಕುಲುಕಿದಾಗ, ಕಾಲಿನಿಂದ ಒತ್ತುವ ಕೊಂಡಿಗೆ ಯಾರದಾದರೂ ಮಂಡಿ ತಾಗಿದಾಗ ಅದು ಬಿಟ್ಟುಕೊಳ್ಳಬಹುದು. ಹಲಗೆ ತೆರೆದುಕೊಂಡರೆ ಕೈಬೆರಳು ಸಂದಿಯಲ್ಲಿ ಹೋಯಿತು ಅಂತಲೇ. ಹಾಗಾಗಿ ಲಾಕಿನ ಮೇಲೆ ನಂಬಿಕೆ ಇಡದೆ, ಹಲಗೆಯನ್ನೂ ಕಂಬವನ್ನೂ ಸೇರಿಸಿ ಮೇಲೊಂದು ಕೆಳಗೊಂದು ಅಂತ ಎರಡು ಕಡೆ ಗಟ್ಟಿ ಪಟ್ಟಿ ಬಿಗಿಯಿರಿ. ತೆಳು ನೈಲಾನ್ ಹಗ್ಗ ಬೇಡ, ಅದು ಹಿಗ್ಗುತ್ತದೆ, ಗಂಟೂ ಜಾರುತ್ತದೆ.

ಹಿಡಿಯುವ ಜಾಗವೂ ಮುಖ್ಯ. ಪ್ಲಾಸ್ಟಿಕ್ ಮುಚ್ಚಳ ಹಿಡಿದರೆ ಮುರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಬೆಲ್ಟ್ ವಿಷಯ ಗೊತ್ತಿರುವುದಿಲ್ಲ. ಕರೆಂಟ್ ಇಲ್ಲದಾಗ ಬೆಲ್ಟು ಎಷ್ಟೋ ಮೆಷಿನ್‌ಗಳಲ್ಲಿ ಕೈಯಿಂದ ತಳ್ಳಿದರೂ ಓಡುತ್ತದೆ. ಎತ್ತುವವನ ಅಂಗೈ ಬೆಲ್ಟಿನ ಮೇಲೆ ಇದ್ದರೆ, ಭಾರ ಬಿದ್ದ ಕೂಡಲೇ ಬೆಲ್ಟ್ ಉರುಳುತ್ತದೆ, ಹಿಡಿತ ತಪ್ಪುತ್ತದೆ. ಹಿಂದಿನ ರೋಲರ್ ಹತ್ತಿರ ಬೆರಳು ಇದ್ದರಂತೂ ಒಳಕ್ಕೆ ಎಳೆದುಕೊಳ್ಳುತ್ತದೆ. ಅಡಿಯಲ್ಲಿರುವ ಕಬ್ಬಿಣದ ಫ್ರೇಮನ್ನೇ ಹುಡುಕಿ ಹಿಡಿಯಬೇಕು. ಹಾಗೇ, ಸೇಫ್ಟಿ ಕೀ (ಕಿತ್ತರೆ ಮೆಷಿನ್ ನಿಲ್ಲುವ ಕೀ) ತೆಗೆದು ಪ್ಲಗ್ ಕಿತ್ತ ಮೇಲೆಯೇ ಬಿಚ್ಚುವ, ಎತ್ತುವ ಕೆಲಸಕ್ಕೆ ಕೈ ಹಾಕಿ.

ಇನ್ನು ಮೆಟ್ಟಿಲು. ನಿಮ್ಮ ಭಾಗದ ಮನೆಗಳಲ್ಲಿ ಮಹಡಿಗೆ ಹೊರಗಿನಿಂದ ಮೆಟ್ಟಿಲು, ಅರ್ಧದಲ್ಲಿ ಒಂದು ತಿರುವು, ಪಕ್ಕದಲ್ಲಿ ಸ್ಟೀಲ್ ರೇಲಿಂಗ್, ಹೀಗೇ ಇರುವುದು ಜಾಸ್ತಿ. ಹಿಂದಿನ ದಿನವೇ ಟೇಪ್ ಹಿಡಿದು ತಿರುವಿನ ಅಗಲ, ರೇಲಿಂಗ್‌ನಿಂದ ಗೋಡೆಗೆ ಇರುವ ಜಾಗ ಅಳೆಯಿರಿ. ಮೆಷಿನ್ ಉದ್ದಗಲವನ್ನೂ ಅಳೆದು, ಅದೇ ಅಳತೆಗೆ ರಟ್ಟು ಕತ್ತರಿಸಿ ತಿರುವಿನಲ್ಲಿ ತಿರುಗಿಸಿ ನೋಡಿ. ರಟ್ಟು ತಿರುಗದಿದ್ದರೆ ಮೆಷಿನ್ನೂ ತಿರುಗುವುದಿಲ್ಲ. ಮೆಷಿನ್ ಕೈಯಲ್ಲಿರುವಾಗ ಇದು ಗೊತ್ತಾಗುವುದು ಬೇಡ.

ಕೈಯಲ್ಲಿ ಹೊತ್ತು ಇಳಿಸುವಾಗ ಮೋಟರ್ ಇರುವ ತುದಿ ಮೇಲಕ್ಕಿರಲಿ. ಇಳಿಜಾರಿನ ಭಾರ ಹೇಗೂ ಕೆಳಗಿನವನಿಗೆ ಬರುತ್ತದೆ, ಮೋಟರ್ ಕೂಡ ಅಲ್ಲೇ ಇದ್ದರೆ ಎಲ್ಲವೂ ಅವನ ಎದೆ ಮೇಲೆಯೇ. ಎತ್ತರದವರು, ಗಟ್ಟಿಯಿರುವವರು ಕೆಳಗೆ. ಮೇಲಿರುವವರು ಫ್ರೇಮಿಗೆ ಬಿಗಿದ ಪಟ್ಟಿಯನ್ನೂ ಹಿಡಿದಿರಲಿ, ಆದರೆ ಕೈಗೆ ಸುತ್ತಿಕೊಳ್ಳಬಾರದು. ಎರಡು ಮೂರು ಮೆಟ್ಟಿಲಿಗೊಮ್ಮೆ ಕೆಳಗಿಟ್ಟು ಉಸಿರು ತೆಗೆದುಕೊಳ್ಳಿ. ಮಾತಾಡುವವರು ಒಬ್ಬರೇ ಇರಲಿ. 'ಎತ್ತು', 'ಇಳಿಸು', 'ನಿಲ್ಲು' ಅಷ್ಟೇ ಮಾತು. ನಾಲ್ಕು ಜನ ನಾಲ್ಕು ಸಲಹೆ ಕೊಟ್ಟಾಗಲೇ ಕಾಲು ತಪ್ಪುವುದು. ಕೈ ಜಾರಿತು ಅನ್ನಿಸಿದರೆ ತಡೆಯುವುದಕ್ಕೆ ಹೋಗದೆ ಪಕ್ಕಕ್ಕೆ ಸರಿಯಿರಿ. ಮೆಷಿನ್ ಹೋದರೆ ಹೋಗಲಿ ಅಂತ ನಾಲ್ವರಿಗೂ ಮುಂಚೆಯೇ ಹೇಳಿಟ್ಟಿರಿ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಬೆಳಿಗ್ಗೆ ಮೆಟ್ಟಿಲಿಗೆ ನೀರು ಹಾಕಿ ತೊಳೆಯುವುದನ್ನು ಆ ಒಂದು ದಿನ ಬಿಡಿ. ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಬಾಲ್ಕನಿಯ ರೇಲಿಂಗ್ ಅದಕ್ಕೆ ಅಂತ ಹಾಕಿದ್ದಲ್ಲ.

ಬಂಡೀಪಾಳ್ಯದ ಮಾರ್ಕೆಟ್ ಕಡೆಯಿಂದಲೋ ಪರಿಚಯದ ಗೋಡೌನಿನಿಂದಲೋ ಹಮಾಲರನ್ನು ಕರೆತಂದರೆ ಒಳ್ಳೆಯದೇ. ಭಾರದ ವಿಷಯದಲ್ಲಿ ಅವರ ಅನುಭವ ನಮಗಿಲ್ಲ. ಆದರೆ ಟ್ರೆಡ್‌ಮಿಲ್ ಅಕ್ಕಿ ಮೂಟೆಯ ಹಾಗೆ ಬೆನ್ನಿಗೆ ಒಗ್ಗಿ ಕೂರುವುದಿಲ್ಲ, ಭಾರವೆಲ್ಲ ಒಂದೇ ತುದಿಯಲ್ಲಿ ಇರುತ್ತದೆ. ಮೋಟರ್ ಎಲ್ಲಿದೆ, ಎಲ್ಲಿ ಹಿಡಿಯಬೇಕು ಅಂತ ಎತ್ತುವ ಮುಂಚೆ ತೋರಿಸಿ. ಒಬ್ಬನೇ ಬೆನ್ನ ಮೇಲೆ ಹೊರುತ್ತೇನೆ ಅಂದರೆ ಬಿಡಬೇಡಿ. ಅವರ ಬೆನ್ನೂ ಬೆನ್ನೇ ಅಲ್ವಾ.

ಮಲ್ಟಿ ಜಿಮ್ ಇದಕ್ಕಿಂತ ಸುಲಭ, ತಾಳ್ಮೆ ಮಾತ್ರ ಬೇಕು. ಬಿಚ್ಚುವ ಮುಂಚೆ ಕೇಬಲ್ ಯಾವ ಪುಲ್ಲಿಯಿಂದ ಯಾವ ಪುಲ್ಲಿಗೆ ಹೋಗಿದೆ ಅಂತ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದು, ಕೊನೆಗೆ ಫ್ರೇಮಿಗೆ ಕೈ ಹಾಕಿ. ಪ್ಲೇಟು ಮೇಲೆ ಕೆಳಗೆ ಜಾರುವ ಎರಡು ಹೊಳೆಯುವ ರಾಡ್ ಇವೆಯಲ್ಲ, ಅವುಗಳನ್ನು ಬಟ್ಟೆ ಸುತ್ತಿ ಬೇರೆಯಾಗಿ ಇಡಿ. ಅವು ಸ್ವಲ್ಪ ಬಾಗಿದರೂ ಪ್ಲೇಟು ಸಿಕ್ಕಿಹಾಕಿಕೊಳ್ಳುತ್ತದೆ. ಬಿಡಿ ಪ್ಲೇಟು, ಡಂಬೆಲ್‌ಗಳನ್ನು ದೊಡ್ಡ ಡಬ್ಬಕ್ಕೆ ತುಂಬಿದರೆ ಅದರ ತಳ ಮೆಟ್ಟಿಲ ಮೇಲೆಯೇ ಕಿತ್ತು ಪಾದದ ಮೇಲೆ ಬೀಳುತ್ತದೆ. ಗಟ್ಟಿ ಗೋಣಿಚೀಲದಲ್ಲಿ 15 ಕೆಜಿಗಿಂತ ಜಾಸ್ತಿ ಬೇಡ.

ಗಾಡಿ ವಿಷಯ. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಮೂರು ಚಕ್ರದ ಲಗೇಜ್ ಆಟೋ ಆದರೆ ಉದ್ದಕ್ಕೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಒಂದೊಂದು ಹಂಪಿನಲ್ಲೂ ಮೋಟರ್ ಕೂತಿರುವ ಬೋಲ್ಟುಗಳಿಗೆ ಪೆಟ್ಟು. ಟಾಟಾ ಏಸ್ ಅಥವಾ ಪಿಕಪ್ ಮಾಡಿಕೊಳ್ಳಿ. ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಟೋಲ್ ಇದೆ, ಅದು ಬಾಡಿಗೆಯಲ್ಲೇ ಸೇರಿದೆಯಾ ಅಂತ ಮೊದಲೇ ಮಾತಾಡಿ. ಏಸ್ ಗಾಡಿಯ ತೊಟ್ಟಿ ಸುಮಾರು ಏಳು ಅಡಿ ಉದ್ದ ಇರುವುದರಿಂದ ಕಂಬ ಬಿಚ್ಚಿದ ಟ್ರೆಡ್‌ಮಿಲ್ ಸಾಮಾನ್ಯವಾಗಿ ಮಲಗುತ್ತದೆ. ಅಡಿಗೆ ಹಳೇ ಹಾಸಿಗೆ ಹಾಸಿ, ಬೆಲ್ಟ್ ಮೇಲಾಗಿ ಮಲಗಿಸಿ, ಹಗ್ಗವನ್ನು ಫ್ರೇಮಿನ ಮೇಲೆ ಹಾಯಿಸಿ ಕಟ್ಟಿ. ಮೋಟರ್ ಮುಚ್ಚಳದ ಮೇಲೆ ಹಗ್ಗವೂ ಬೇಡ, ಮೂಟೆಯೂ ಬೇಡ. ಪ್ಲೇಟಿನ ಚೀಲಗಳು ಕ್ಯಾಬಿನ್ನಿಗೆ ಒತ್ತಿಕೊಂಡು ಕೆಳಗೇ ಇರಲಿ, ಬ್ರೇಕ್ ಹಾಕಿದಾಗ ಅವು ಜಾರಿದರೆ ಡಿಸ್‌ಪ್ಲೇ ಉಳಿಯುವುದಿಲ್ಲ. ಮಧ್ಯಾಹ್ನದ ಮೇಲೆ ಮಳೆ ಬರುವ ಕಾಲವಾದರೆ ಟಾರ್ಪಾಲ್ ಮರೆಯಬೇಡಿ. ಆಷಾಢದಲ್ಲಿ ಮನೆ ಬದಲಾಯಿಸುವವರು ಕಡಿಮೆ, ಗಾಡಿ ಬೇಗ ಸಿಗುತ್ತದೆ. ಬರೀ ಮೆಷಿನ್ ಸಾಗಿಸುವುದಕ್ಕೆ ಅಮ್ಮನೂ ಬೇಡ ಅನ್ನಲಿಕ್ಕಿಲ್ಲ.

ಮಂಡ್ಯದ ಮನೆ ಹಳೆಯದಾದರೆ ಎರಡು ಜಾಗ ನೋಡಿಕೊಳ್ಳಿ. ಗೇಟಿನ ಮುಂದೆ ಚರಂಡಿಗೆ ಹಾಕಿದ ಕಲ್ಲುಚಪ್ಪಡಿ ಅಲುಗಾಡುತ್ತಾ ಅಂತ ತುಳಿದು ನೋಡಿ. ಚಪ್ಪಡಿಗಳ ಸಂದಿಗೆ ಟ್ರಾಲಿಯ ಚಿಕ್ಕ ಚಕ್ರ ಸಿಕ್ಕರೆ ಮೆಷಿನ್ ಮುಂದಕ್ಕೆ ಮಗುಚುತ್ತದೆ. ಮೇಲೊಂದು ಪ್ಲೈವುಡ್ ಹಾಸಿಬಿಡಿ.

ಇನ್ನೊಂದು ಹೊಸಿಲು. ಮೂರು ನಾಲ್ಕು ಇಂಚು ಎತ್ತರದ ಮರದ ಹೊಸಿಲು ಇರುವ ಮನೆಯಲ್ಲಿ ಟ್ರೆಡ್‌ಮಿಲ್‌ನ ಸಣ್ಣ ಚಕ್ರ ಅದನ್ನು ಹತ್ತುವುದಿಲ್ಲ. ಜನ ಹಿಂದಿನಿಂದ ಒಂದೇ ಸಲ ನೂಕುತ್ತಾರೆ, ಚಕ್ರದ ಕಬ್ಬಿಣ ಹೊಸಿಲಿನ ಅಂಚನ್ನು ಕಿತ್ತುಕೊಂಡು ಬರುತ್ತದೆ. ಅರಿಶಿನ ಕುಂಕುಮ ಇಟ್ಟು ದಿನವೂ ನಮಸ್ಕಾರ ಮಾಡುವ ಜಾಗ ಅದು. ಅಮ್ಮನಿಗೆ ಎಷ್ಟು ನೋವಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹೊರಗೊಂದು ಒಳಗೊಂದು ಹಲಗೆಯನ್ನು ಇಳಿಜಾರಾಗಿ ಇಟ್ಟು, ಹೊಸಿಲಿನ ಮೇಲೆ ಮಡಚಿದ ಬೆಡ್‌ಶೀಟ್ ಹಾಕಿ, ಆ ಜಾಗದಲ್ಲಿ ನಾಲ್ಕು ಜನವೂ ಎತ್ತಿಯೇ ದಾಟಿಸಿ. ರೆಡ್ ಆಕ್ಸೈಡ್ ನೆಲವಾದರೆ ಒಳಗೆ ಎಳೆಯುವುದು ಬೇಡ, ಗೀರು ಬಿದ್ದರೆ ಹೋಗುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಅಷ್ಟು ಹೊತ್ತು ಪಕ್ಕದ ಮನೆಯಲ್ಲಿರಲಿ.

ಇಟ್ಟ ಮೇಲೆ ಅಡಿಯ ಕಾಲುಗಳನ್ನು ತಿರುಗಿಸಿ ಅಲುಗಾಡದ ಹಾಗೆ ಮಟ್ಟ ಮಾಡಿ. ಹಿಂದುಗಡೆ ಆರು ಅಡಿ ಖಾಲಿ ಬಿಡಿ, ಬಿದ್ದರೆ ಗೋಡೆಗೂ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳಬಾರದು. ಅರ್ತ್ ಇರುವ ಪವರ್ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಮೊದಲ ಸಲ ಯಾರೂ ಹತ್ತದೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ವೇಗದಲ್ಲಿ ಓಡಿಸಿ. ಸಾಗಿಸಿದ ಮೇಲೆ ಬೆಲ್ಟ್ ಒಂದು ಪಕ್ಕಕ್ಕೆ ಸರಿಯುವುದು ಮಾಮೂಲು. ಎಡಕ್ಕೆ ಸರಿಯುತ್ತಿದ್ದರೆ ಹಿಂದಿನ ಎಡಗಡೆ ಬೋಲ್ಟನ್ನು ಅಲನ್ ಕೀಯಿಂದ (ಆರು ಮೂಲೆಯ, ಎಲ್ ಆಕಾರದ ಕೀ) ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕಾಲು ಸುತ್ತು ತಿರುಗಿಸಿ, ಒಂದೆರಡು ನಿಮಿಷ ಕಾಯಿರಿ. ಬಲಕ್ಕೆ ಸರಿದರೆ ಬಲಗಡೆಯದ್ದು. ಬೆಲ್ಟಿಗೆ ಸಿಲಿಕಾನ್ ಆಯಿಲ್ ಬಿಟ್ಟು ಬೇರೆ ಯಾವ ಎಣ್ಣೆಯೂ ಬೇಡ.

ಅಮ್ಮನೇ ನಡೆಯುವವರಾದರೆ, ಸೀರೆಯ ಸೆರಗನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಳ್ಳಲಿ, ನೆರಿಗೆ ಬೆಲ್ಟಿಗೆ ತಾಗದಷ್ಟು ಮೇಲಿರಲಿ. ಸೇಫ್ಟಿ ಕೀಯ ಕ್ಲಿಪ್ಪನ್ನು ಪ್ರತಿ ಸಲವೂ ಬಟ್ಟೆಗೆ ಹಾಕಿಕೊಳ್ಳುವುದನ್ನು ನೀವೇ ನಿಂತು ಅಭ್ಯಾಸ ಮಾಡಿಸಿ. ನಿಮ್ಮ ಮೆಷಿನ್ ಮಾಡೆಲ್ ಮತ್ತು ಮೆಟ್ಟಿಲು ತಿರುವಿನ ಅಳತೆ ಬರೆದರೆ, ಕಂಬ ಬಿಚ್ಚಬೇಕಾ ಬೇಡವಾ ಅಂತ ನೋಡಿ ಹೇಳುತ್ತೇನೆ.