ಮಲ್ಗಾ ಮರದ ಎಲೆ ಎಲೆಯೇ ಅಲ್ಲ

ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಕಡೆಯ ಕುರುಚಲು ಕಾಡಿನಲ್ಲಿ ಕಂಡ ಅಕೇಶಿಯಾಗೆ ನಮ್ಮ ಜಾಲಿಯಂತೆ ಮುಳ್ಳೂ ಇಲ್ಲ, ಗರಿಯಂಥ ಎಲೆಯೂ ಇಲ್ಲ, ಯಾಕೆ ಎಂದು ಕೇಳಿದ್ದೀರಿ. ನೀವು ನೋಡಿದ್ದು ಬಹುಶಃ ಮಲ್ಗಾ.

ಅದರಲ್ಲಿ ಎಲೆ ಥರ ಕಾಣುವುದು ನಿಜವಾಗಿ ಚಪ್ಪಟೆಯಾದ ತೊಟ್ಟು. ಆಗಷ್ಟೇ ಮೊಳೆತ ಸಸಿ ಸಿಕ್ಕರೆ ನೋಡಿ, ಅದರಲ್ಲಿ ಜಾಲಿಯಂಥದೇ ಗರಿ ಎಲೆ ಇರುತ್ತದೆ. ಬೆಳೆದ ಮೇಲೆ ತೊಟ್ಟೇ ಎಲೆಯ ಕೆಲಸ ಮಾಡುತ್ತದೆ. ಒಣ ನೆಲದಲ್ಲಿ ನೀರು ಜಾಸ್ತಿ ಆವಿಯಾಗಬಾರದು, ಅಲ್ವಾ? ನನಗೆ ತುಂಬಾ ಇಷ್ಟವಾಗುವುದು ಅದರ ಕೊಂಬೆಗಳು. ಗಾಳಿಗೆ ಮಗುಚಿದ ಕೊಡೆಯ ಕಡ್ಡಿಗಳಂತೆ ಓರೆಯಾಗಿ ಮೇಲಕ್ಕೆ ಚಾಚಿರುತ್ತವೆ. ಬಿದ್ದ ಮಳೆ ಕೊಂಬೆ ಹಿಡಿದು ಕಾಂಡಕ್ಕೆ, ಅಲ್ಲಿಂದ ನೇರ ಬುಡಕ್ಕೆ ಇಳಿಯುತ್ತದೆ. ಅಲ್ಲಿನ ಮೂಲನಿವಾಸಿಗಳು ಇದರ ಬೀಜವನ್ನು ಹುರಿದು ಅರೆದು ತಿನ್ನುತ್ತಿದ್ದರು. ಮಲ್ಗಾ ಬುಡದಲ್ಲಿ ಅಗೆದು ಜೇನಿರುವೆ, ಅಂದರೆ ಹೊಟ್ಟೆಯಲ್ಲಿ ಸಿಹಿ ರಸ ತುಂಬಿಕೊಳ್ಳುವ ಇರುವೆ, ಹುಡುಕುವುದು ಈಗಲೂ ಇದೆ.

ಹೆಸರಿನ ಗೊಂದಲ ನಿಮ್ಮೊಬ್ಬರದಲ್ಲ. ಮೊದಲು ನಮ್ಮ ಜಾಲಿಯನ್ನೂ ಅಕೇಶಿಯಾ ಎಂದೇ ಕರೆಯುತ್ತಿದ್ದರು. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅಕೇಶಿಯಾ ಎಂಬ ಹೆಸರು ಆಸ್ಟ್ರೇಲಿಯಾದ ಗುಂಪಿಗೆ ಉಳಿಯಿತು. ಜಾಲಿ ಈಗ ವಚೆಲಿಯಾ ಎಂಬ ಬೇರೆ ಗುಂಪಿನದು. ಮಲೆನಾಡಿನ ನೆಡುತೋಪಿನ ಅಕೇಶಿಯಾ ಮಾತ್ರ ಆಸ್ಟ್ರೇಲಿಯಾ ಕಡೆಯಿಂದಲೇ ಬಂದದ್ದು. ಊರಿಗೆ ಹೋದಾಗ ಅದರ ಎಲೆ ಕಿತ್ತು ನೋಡಿ, ಅದೂ ತೊಟ್ಟೇ.