ರಾಜ ನೋಡುತ್ತಾ ಕೂತಿದ್ದ, ಅದೇ ನನ್ನ ತಕರಾರು

ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ಓದುಗ ಮಿತ್ರರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ 1396ರ ಪರ್ತ್ ಕಾಳಗವನ್ನು ನೀವು ಕೊಲೆ ಅಂತ ಕರೆದಿದ್ದೀರಿ. ನನಗೆ ಸರಿ ಕಾಣಲಿಲ್ಲ. ಬೆಟ್ಟಸೀಮೆಯ ಎರಡು ಕುಲಗಳಿಂದ ಮೂವತ್ತು ಮೂವತ್ತು ಜನರನ್ನು ಬೇಲಿಯೊಳಗೆ ಕಾದಾಡಲು ಬಿಟ್ಟು, ಅವರ ಹಳೇ ಹಗೆಯನ್ನು ರಾಜ ಮೂರನೇ ರಾಬರ್ಟ್ ಆ ಅರವತ್ತು ಜನರಲ್ಲೇ ಮುಗಿಸಿದ. ಇಲ್ಲದಿದ್ದರೆ ಸಾವಿರಾರು ಜನ ಸಾಯುತ್ತಿದ್ದರು. ಅಂಥ ಜಾಣ ರಾಜರು ಈಗೆಲ್ಲಿದ್ದಾರೆ?'

ಪತ್ರ ಚೆನ್ನಾಗಿದೆ. ನೀವು ಪರ್ತ್‌ಗೆ ಹೋಗಿ, ಕಾಳಗ ನಡೆದ ಆ ನಾರ್ತ್ ಇಂಚ್ ಬಯಲಿನಲ್ಲಿ ಅಡ್ಡಾಡಿ ಬಂದು ಬರೆದಿದ್ದೀರಿ, ಅದು ಇನ್ನೂ ಸಂತೋಷ. ನಿಮ್ಮ ಮಾತಿನಲ್ಲಿ ಹುರುಳೂ ಇದೆ. ಆಮೇಲೆ ಉತ್ತರದ ಕಡೆ ಬಹಳ ದಿನ ಗಲಾಟೆ ಇರಲಿಲ್ಲ ಅಂತ ವಾಲ್ಟರ್ ಬೋವರ್ ಎಂಬ ಮಠಾಧಿಪತಿ ಬರೆದಿಟ್ಟಿದ್ದಾನೆ. ಒಪ್ಪಿದೆ.

ಆದರೆ ಬೋವರ್ ಯಾರು ಅಂತ ನೋಡಿ. ಬಯಲುಸೀಮೆಯ ಮಠದವನು. ಕಾಳಗ ನಡೆದಾಗ ಹನ್ನೊಂದು ವರ್ಷದ ಹುಡುಗ, ಬರೆದದ್ದು ಸುಮಾರು 1440ರ ಹೊತ್ತಿಗೆ. ಹೊಡೆದಾಡಿದವರು ಬೆಟ್ಟಸೀಮೆಯವರು, ಗೇಲಿಕ್ ಮಾತಾಡುವವರು. ಅವರ ನುಡಿಯಲ್ಲಿ 'ಕ್ಲಾನ್' ಅಂದರೆ ಮಕ್ಕಳು ಅಂತ. ಅವರ ಕಥೆ ಬರೆದವರೆಲ್ಲ ಲ್ಯಾಟಿನ್ನಿನಲ್ಲೋ ಬಯಲುಸೀಮೆಯ ಸ್ಕಾಟ್ಸ್ ನುಡಿಯಲ್ಲೋ ಬರೆದ ಪಾದ್ರಿಗಳು. ಕುಲಗಳ ಹೆಸರನ್ನು ಎಷ್ಟು ತಪ್ಪಾಗಿ ಕೇಳಿಸಿಕೊಂಡು ಬರೆದರು ಅಂದರೆ, ಒಂದು ಕಡೆಯವರು ಚಾಟನ್ ಕುಲ ಇರಬಹುದು, ಇನ್ನೊಂದು ಕಡೆ ಕ್ಯಾಮೆರಾನರೋ ಡೇವಿಡ್ಸನ್ನರೋ ಅಂತ ಇವತ್ತಿಗೂ ಜಗಳ ಮುಗಿದಿಲ್ಲ. ಅರವತ್ತು ಜನರಲ್ಲಿ ಆ ಬರಹಗಳು ಹೆಸರು ಹೇಳುವುದು ಇಬ್ಬರು ಮುಖಂಡರದ್ದು ಮಾತ್ರ.

ಇನ್ನು ಲೆಕ್ಕದ ಪುಸ್ತಕ ತೆಗೆಯಿರಿ. ಅರವತ್ತು ಜನ ಕಾದಾಡಲು ಬೇಲಿ ಕಟ್ಟಿಸಿದ್ದಕ್ಕೆ, ಮರ, ಕಬ್ಬಿಣ, ಕೂಲಿ ಎಲ್ಲ ಸೇರಿ 14 ಪೌಂಡ್ 2 ಶಿಲಿಂಗ್ 11 ಪೆನ್ನಿ ಖರ್ಚು ಅಂತ ರಾಜನ ಖಜಾನೆಯ ಲೆಕ್ಕದಲ್ಲಿದೆ. ಮರದ ಲೆಕ್ಕ ಪೆನ್ನಿವರೆಗೂ ಉಳಿದಿದೆ, ಸತ್ತವರ ಹೆಸರು ಉಳಿದಿಲ್ಲ. ಅವರು ಸತ್ತದ್ದು ಬಿಲ್ಲು, ಕೊಡಲಿ, ಕತ್ತಿ, ಬಾಕು ಹಿಡಿದು. ಮೈಮೇಲೆ ಕವಚ ಕೂಡ ಇರಲಿಲ್ಲ. ಗೆದ್ದ ಕಡೆ ಉಳಿದವರು ಹನ್ನೊಂದು ಜನ. ಕೊಲೆ ಅಂತ ನಾನು ಸುಮ್ನೆ ಬರೆದದ್ದಲ್ಲ.

ಜಾಣ ರಾಜ ಅಂದಿರಲ್ಲ, ಆ ಮೂರನೇ ರಾಬರ್ಟನ ಮನೆಯನ್ನೇ ನೋಡೋಣ. 1390ರಲ್ಲಿ ಉತ್ತರದ ಎಲ್ಗಿನ್ ಊರಿನ ಕೆಥೆಡ್ರಲ್‌ಗೆ ಬೆಂಕಿ ಇಟ್ಟವನು ಯಾರು? ರಾಜನ ಸ್ವಂತ ತಮ್ಮ ಅಲೆಕ್ಸಾಂಡರ್. ಬೇಡನಾಕ್‌ನ ತೋಳ ಅಂತಲೇ ಅವನ ಹೆಸರು. ಅವನನ್ನು ಬೇಲಿಯೊಳಗೆ ನಿಲ್ಲಿಸಿದರಾ? ಇಲ್ಲ. ಇದೇ ಪರ್ತ್‌ನ ಡೊಮಿನಿಕನ್ ಮಠದಲ್ಲಿ ಪಶ್ಚಾತ್ತಾಪ ಮಾಡಿಸಿ ಕ್ಷಮಿಸಿದರು. ಆ ಮಠ ಇದ್ದದ್ದು ನಾರ್ತ್ ಇಂಚ್‌ನ ಮಗ್ಗುಲಲ್ಲೇ. ತಮ್ಮನಿಗೆ ಕ್ಷಮೆ, ಬೆಟ್ಟದವರಿಗೆ ಕೊಡಲಿ. ಇದು ನ್ಯಾಯ ಅಲ್ಲ ಸ್ವಾಮಿ. ಶಾಂತಿಯೂ ಎಷ್ಟು ದಿನ? 1402ರಲ್ಲಿ ಪಶ್ಚಿಮ ಕಡಲಿನ ದ್ವೀಪಗಳ ದೊರೆಯ ತಮ್ಮ ಬಂದು ಎಲ್ಗಿನ್‌ಗೆ ಮತ್ತೆ ಬೆಂಕಿ ಇಟ್ಟ. 1411ರಲ್ಲಿ ಅದೇ ದೊರೆ ದಂಡೆತ್ತಿ ಬಂದ ಹಾರ್ಲಾ ಕದನ. ಕಾಳಗದ ವರ್ಷ ಎರಡು ವರ್ಷದ ಕೂಸಾಗಿದ್ದ ರಾಜನ ಮಗ ಜೇಮ್ಸ್, ಮುಂದೆ ತಾನೂ ರಾಜನಾಗಿ, 1437ರಲ್ಲಿ ಕೊಲೆಯಾದದ್ದು ಅದೇ ಮಠದಲ್ಲಿ.

ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಒಂದು ಹಳ್ಳಿ ಜಗಳದ ಸುದ್ದಿ ಬರೆದಿದ್ದೆ. 'ಎರಡು ಗುಂಪುಗಳ ಮಾರಾಮಾರಿ, ಒಬ್ಬ ಸಾವು.' ನಮ್ಮ ಹಿರಿಯರು ಕೆಂಪು ಶಾಯಿಯಲ್ಲಿ 'ಒಬ್ಬ' ಅನ್ನೋದಕ್ಕೆ ಸುತ್ತು ಹಾಕಿ ವಾಪಸ್ ಕೊಟ್ಟರು. ಪಕ್ಕದಲ್ಲಿ ಎರಡೇ ಪದ: 'ಹೆಸರಿಲ್ಲವೇ ಅವನಿಗೆ?' ಬಸ್ಸು ಹತ್ತಿ ಮತ್ತೆ ಆ ಊರಿಗೆ ಹೋಗಿ ಕೇಳಿಕೊಂಡು ಬಂದೆ. ಆ ಕೆಂಪು ಸುತ್ತು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇವತ್ತು ನಮ್ಮ ಕಚೇರಿಗೆ ಬರುವ ಇತಿಹಾಸ ಲೇಖನಗಳಲ್ಲಿ ರಾಜ ಏನು ಉಟ್ಟಿದ್ದ, ಎಲ್ಲಿ ಕೂತಿದ್ದ ಎಲ್ಲ ಇರುತ್ತದೆ. ಕಾದಾಡಿದವರು ಮಾತ್ರ 'ಕಾಡುಜನ', 'ಒರಟರು'. ಯಾವ ದೇಶದ ಕಥೆಯಾದರೂ ಅಷ್ಟೇ. ಬೆಟ್ಟದವರು ತಮ್ಮಷ್ಟಕ್ಕೆ ತಾವೇ ಕಚ್ಚಾಡುತ್ತಾರೆ ಅಂತ ಬರೆದು ಕೈ ತೊಳೆದುಕೊಂಡರೆ ಬೇಲಿ ಕಟ್ಟಿಸಿದವನ ಹೆಸರು ಹೇಳುವ ಕಷ್ಟ ತಪ್ಪುತ್ತದಲ್ಲ!

ನೀವು ಆ ಕುಳ್ಳ ಕಮ್ಮಾರನನ್ನೂ ಹೊಗಳಿದ್ದೀರಿ. ಒಬ್ಬ ಕಮ್ಮಿ ಬಿದ್ದಾಗ ಅರ್ಧ ಮಾರ್ಕ್ ಹಣಕ್ಕೆ ಒಪ್ಪಿ ಇಳಿದ ಪರ್ತ್ ಊರಿನ ಕುಶಲಕರ್ಮಿ ಅವನು. 1828ರಲ್ಲಿ ವಾಲ್ಟರ್ ಸ್ಕಾಟ್ ಕಾದಂಬರಿಯಲ್ಲಿ ಅವನನ್ನು ನಾಯಕ ಮಾಡಿದ. ಇರಲಿ, ಗಟ್ಟಿಗ ಮನುಷ್ಯ. ಆದರೆ ಒಬ್ಬ ಕಮ್ಮಿ ಬಿದ್ದದ್ದು ಹೇಗೆ ಅಂತ ನೀವು ಬರೆಯಲಿಲ್ಲ. ಕಾಳಗ ಶುರುವಾಗುವ ಮೊದಲೇ ಒಬ್ಬ ಜನರ ನಡುವೆ ನುಸುಳಿ, ಟೇ ನದಿಗೆ ಹಾರಿ, ಈಜಿ ಆಚೆ ದಡ ಸೇರಿಬಿಟ್ಟ. ಅವನನ್ನು ಹೇಡಿ ಅಂತಾರೆ. ನನಗೆ ಅಂದು ಅಲ್ಲಿದ್ದವರಲ್ಲೆಲ್ಲ ಅವನೇ ಹತ್ತಿರದವನು. ರಾಜ ಕೂತು ನೋಡುತ್ತಿದ್ದ ಆಟ ತನ್ನದಲ್ಲ ಅಂತ ಅವನೊಬ್ಬನಿಗೆ ಗೊತ್ತಾಯಿತು.

ಮುಂದಿನ ಸಲ ಪರ್ತ್‌ಗೆ ಹೋದಾಗ ಬಯಲಿಗೆ ಬೆನ್ನು ಹಾಕಿ ಸ್ವಲ್ಪ ಹೊತ್ತು ದಡದಲ್ಲಿ ನಿಲ್ಲಿ. ಸೆಪ್ಟೆಂಬರ್ ಕೊನೆಯಲ್ಲಾದರೆ ಒಳ್ಳೆಯದು, ಕಾಳಗ ನಡೆದದ್ದು ಆಗಲೇ. ನೀರು ಎಷ್ಟು ತಣ್ಣಗಿದೆ, ಆಚೆ ದಡ ಎಷ್ಟು ದೂರ ಅಂತ ನೋಡಿ ನನಗೆ ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇನೆ.

- ಸಂ.